ನೀರಿನ ಕಾಡಿಗೆ ಹೊರಟ ಲಗಮವ್ವ

ನಿಪ್ಪಾಣಿಯ ಬೀಡಿ ಶೆಡ್ಡಿನಲ್ಲಿ ಲಗಮವ್ವನಷ್ಟು ಜಲ್ದಿ ಎಲೆ ಸುತ್ತುವವರು ಇನ್ನೊಬ್ಬರಿರಲಿಲ್ಲ. ತೊಡೆಯ ಮೇಲೆ ಮೊರ ಇಟ್ಟುಕೊಂಡು ಕುಳಿತಳೆಂದರೆ ಮಧ್ಯಾಹ್ನದ ಬುತ್ತಿ ಬಿಚ್ಚುವ ತನಕ ಏಳುತ್ತಿರಲಿಲ್ಲ. ಹಾಗೆ ಮೂವತ್ತು ವರ್ಷ ಕುಳಿತ ಮೇಲೆ ಅವಳ ಮೊಣಕಾಲು ಮುನಿಸಿಕೊಂಡವು. ದವಾಖಾನೆಯ ಡಾಕ್ಟರು ಕಾಲನ್ನು ಒತ್ತಿ ನೋಡಿ, ಗುಳಿಗೆ ಬೇಡ, ದಿನಾ ಎರಡು ಮೈಲಿ ನಡೆ ಎಂದರು.

ಲಗಮವ್ವನಿಗೆ ನಗು ಬಂತು. ಅವಳು ಬೇಡಕಿಹಾಳದ ಕುರಿಗಾರ ಮಲಕಾರಿಯ ಮಗಳು. ಹದಿನೈದು ತುಂಬುವ ತನಕ ಅಪ್ಪನ ಹಿಂಡಿನ ಹಿಂದೆ ನಡೆದೇ ಬೆಳೆದವಳು. ಮಳೆಗಾಲದಲ್ಲಿ ಕುರಿ ತೆಲಸಂಗದ ಕಡೆಯ ಬಯಲಿಗೆ ಹೋಗುತ್ತಿದ್ದವು, ಸುಗ್ಗಿ ಮುಗಿದ ಮೇಲೆ ದೂಧಗಂಗೆಯ ದಂಡೆಗೆ ಮರಳುತ್ತಿದ್ದವು. ಮಣ್ಣಿನಲ್ಲಿ ಮೂಡಿದ ಹೆಜ್ಜೆ ನೋಡಿ ತೋಳ ಹೋಗಿ ಎಷ್ಟು ಹೊತ್ತಾಯಿತು ಎಂದು ಹೇಳುವುದನ್ನು ಅಪ್ಪ ಅವಳಿಗೆ ಅಕ್ಷರಕ್ಕಿಂತ ಮೊದಲೇ ಕಲಿಸಿದ್ದ. ಅಕ್ಷರ ಕಲಿಸುವ ಪಾಳಿ ಬರಲೇ ಇಲ್ಲ, ಅಷ್ಟರಲ್ಲಿ ಮದುವೆಯಾಯಿತು. ತಂಬಾಕಿನ ವಖಾರಿಯಲ್ಲಿ ಹಮಾಲಿ ಮಾಡುವ ಸತ್ತೆಪ್ಪನ ಮನೆಗೆ ಬಂದಳು, ಮೊರ ಹಿಡಿದಳು.

ಈಗ ನಡೆಯುವುದಕ್ಕೆ ಕಾಲಿನದಲ್ಲ, ಓಣಿಯದೇ ಅಡಚಣೆಯಾಯಿತು. ಕೆಲಸವಿಲ್ಲದೆ ನಡೆಯುವ ಹೆಂಗಸನ್ನು ಊರು ಬಿಡುವುದಿಲ್ಲ. ಎಲ್ಲಿಗೆ, ಯಾರ ಮನೆಗೆ, ಯಾಕೆ ಎಂದು ಕಟ್ಟೆಕಟ್ಟೆಗೂ ಕೇಳಿದರು. ಉತ್ತರ ಹೇಳಿ ಸಾಕಾಗಿ ಅವಳು ಖಾಲಿ ಚಿಮಣಿ ಎಣ್ಣೆಯ ಡಬ್ಬಿ ಕೈಯಲ್ಲಿ ಹಿಡಿದು ಹೊರಟಳು. ನಾಲ್ಕು ದಿನ ಸುಖವಾಗಿ ಕಳೆದವು. ಐದನೆಯ ದಿನ ಎದುರುಮನೆಯವಳು ತನ್ನ ಡಬ್ಬಿಯನ್ನೂ ತಂದು, ಹ್ಯಾಂಗೂ ಹೊಂಟೀದಿ, ನಮಗೂ ತಾ ಎಂದು ಕೈಗಿಟ್ಟಳು. ವಾರ ತುಂಬುವುದರೊಳಗೆ ಅವಳು ಮೂರು ಮನೆಗೆ ಎಣ್ಣೆ ಹೊರುತ್ತಿದ್ದಳು.

ಈ ಫಜೀತಿಯನ್ನು ಅವಳು ಪಕ್ಕದ ಮನೆಯ ಭರಮುವಿನ ಮುಂದೆ ಹೇಳಿಕೊಂಡಳು. ಭರಮು ಸರ್ಕಾರಿ ಬಸ್ಸಿನ ಡ್ರೈವರ, ಪಣಜಿಯ ಗಾಡಿ ಓಡಿಸುತ್ತಿದ್ದ. ಅವನು ನಕ್ಕು ಮುಗಿಸಿ ಒಂದು ಜಾಗದ ಸುದ್ದಿ ಹೇಳಿದ. ಪಣಜಿಯ ಹತ್ತಿರ ನದಿ ಸಮುದ್ರ ಸೇರುವಲ್ಲಿ ಚೋಡಣ ಎಂಬ ನಡುಗಡ್ಡೆ ಇದೆ. ನಾಲ್ಕು ವರ್ಷದ ಹಿಂದೆ, ಎಂಬತ್ತೆಂಟರಲ್ಲಿ, ಅಲ್ಲಿನ ಕಾಡನ್ನು ಸರ್ಕಾರ ಹಕ್ಕಿಗಳಿಗೆಂದು ಕಾಯ್ದಿಟ್ಟಿದೆ. ಕಾಡು ನಿಂತಿರುವುದು ನೀರಿನಲ್ಲಿ. ಅದರ ನಡುವೆ ಮಂದಿ ಸುಮ್ಮನೆ ನಡೆಯಲೆಂದೇ ಒಂದು ದಾರಿ ಇದೆ.

"ನಮ್ಮ ಗಾಡಿ ಇಳದು ರಾಯಬಂದರದ ಬಸ್ ಹತ್ತಬೇಕು, ಅಲ್ಲಿಂದ ಫೆರಿ ದೋಣಿ," ಎಂದ ಭರಮು. "ದೋಣಿ ಇಳದ್ರ ಕಾಡು ಅಲ್ಲೇ ಐತಿ, ಬೇ. ಎಲ್ಲಿಗಿ ಹೊಂಟಿ ಅಂತ ಅಲ್ಲಿ ಯಾರೂ ಕೇಳಂಗಿಲ್ಲ."

ಆ ಕೊನೆಯ ಮಾತಿಗೇ ಲಗಮವ್ವ ಒಪ್ಪಿದಳು. ಸತ್ತೆಪ್ಪ ಎರಡು ದಿನ ತಾನೇ ರೊಟ್ಟಿ ಬಡಿದುಕೊಳ್ಳುವೆ ಎಂದ. ಜೊತೆಗೆ ಹೊರಟವಳು ಶೆಡ್ಡಿನಲ್ಲಿ ಅವಳ ಮಗ್ಗುಲಿಗೆ ಕೂರುವ ಸಕ್ಕುಬಾಯಿ. ಸಕ್ಕುಬಾಯಿಗೆ ನಡೆಯುವುದೆಂದರೆ ಆಗದು, ಬಸ್ಸಿನ ಕಿಟಕಿಯೆಂದರೆ ಪ್ರಾಣ. ಅವಳು ಕೊನೆಯ ಸ್ಟಾಪಿನ ತನಕ ಬರುತ್ತೇನೆ, ಆಮೇಲೆ ನಿನ್ನ ಪಾಡು ನಿನ್ನದು ಎಂದು ಮೊದಲೇ ಕರಾರು ಹಾಕಿದಳು.

ತೊಂಬತ್ತೆರಡರ ಡಿಸೆಂಬರಿನ ಶುರುವಿನಲ್ಲಿ ಇಬ್ಬರೂ ಭರಮುವಿನ ಬಸ್ಸು ಹತ್ತಿದರು. ಆಂಬೋಲಿ ಘಾಟು ಇಳಿದಂತೆ ಗಾಳಿ ಬೆಚ್ಚಗಾಯಿತು, ಜೋಳದ ಹೊಲ ಹೋಗಿ ತೆಂಗು ಬಂತು. ಆ ರಾತ್ರಿ ಪಣಜಿಯಲ್ಲಿ ಭರಮುವಿನ ಅಕ್ಕನ ಮನೆಯಲ್ಲಿ ತಂಗಿ, ಬೆಳಗಿನ ಮೊದಲ ಬಸ್ಸು ಹಿಡಿದು ಫೆರಿ ಹತ್ತಿದರು. ಕೊನೆಯ ಸ್ಟಾಪಿನಲ್ಲಿ ಒಬ್ಬಳೇ ಕಾಯಲಾರದೆ ಸಕ್ಕುಬಾಯಿಯೂ ಕರಾರು ಮುರಿದು ಹತ್ತಿದ್ದಳು. ದೋಣಿಯ ಮೇಲೆ ಸೈಕಲ್ಲು, ಮೀನಿನ ಬುಟ್ಟಿ, ಶಾಲೆಯ ಮಾಸ್ತರು ಎಲ್ಲ ಒಟ್ಟಿಗೆ ನಿಂತಿದ್ದವು. ದೋಣಿ ಅಲುಗಿದಾಗಲೆಲ್ಲ ಸಕ್ಕುಬಾಯಿ ಮಾಸ್ತರ ಕೊಡೆಯನ್ನು ಹಿಡಿದುಕೊಳ್ಳುತ್ತಿದ್ದಳು.

ಕಾಡಿನ ಬಾಗಿಲಲ್ಲಿ ಖಾಕಿ ತೊಟ್ಟ ಕಾವಲುಗಾರನಿದ್ದ. ಹೆಸರು ವಿಠೋಬಾ. ಅವನು ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಎಲ್ಲಿಗೆ ಎಂಬುದು. ಲಗಮವ್ವನಿಗೆ ಇಲ್ಲೂ ಅದೇ ಪ್ರಶ್ನೆ ಎದುರಾಯಿತು. ಕೈಯಲ್ಲಿ ಡಬ್ಬಿಯೂ ಇರಲಿಲ್ಲ. ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯಲು ಬಂದೆವು ಎಂದು ಅವಳು ಮರಾಠಿಯಲ್ಲೇ ಹೇಳಿದಳು. ಹಾಗಾದರೆ ಸರಿಯಾದ ಜಾಗಕ್ಕೇ ಬಂದಿರಿ ಎಂದು ಅವನು ಬಾಗಿಲು ತೆರೆದು, ತಾನೂ ಜೊತೆಗೆ ಬಂದ.

ಸಮುದ್ರದ ಇಳಿತಕ್ಕೆ ನೀರು ಇಳಿದ ಹೊತ್ತು. ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳು ಕೆಸರಿನಿಂದ ಬೆರಳಿನಂತೆ ಮೇಲಕ್ಕೆ ಎದ್ದು ನಿಂತಿದ್ದವು. ನೀಲಿ ಮಿಂಚುಳ್ಳಿಯೊಂದು ತಲೆಯ ಮೇಲೆಯೇ ಹಾದುಹೋಯಿತು. ಕೆಂಪು ಏಡಿಗಳು ಒಂದೇ ದೊಡ್ಡ ಕೈ ಎತ್ತಿ ಬಾ ಬಾ ಎಂದು ಕರೆಯುತ್ತಿದ್ದವು. ಸಕ್ಕುಬಾಯಿ ಇನ್ನೂ ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಕಲ್ಲಿನ ಮೇಲೆ ಕುಕ್ಕರಿಸಿ ಕೂತಳು. ಕೂತವಳೇ ಕೆಸರನ್ನು ದಿಟ್ಟಿಸಿ ನೋಡಿ ಲಗಮವ್ವನ ಸೆರಗು ಜಗ್ಗಿದಳು.

"ಲಗಮಿ, ಅಲ್ಲಿ ಮೀನ ನಡ್ಯಾಕತ್ತೈತಿ."

ನಿಜಕ್ಕೂ ಬೆರಳುದ್ದದ ಮೀನುಗಳು ಕೆಸರಿನ ಮೇಲೆ ಎದೆಯ ರೆಕ್ಕೆ ಊರಿ ತೆವಳುತ್ತ, ನಡುನಡುವೆ ಕುಪ್ಪಳಿಸುತ್ತ ಸಾಗಿದ್ದವು. ಕೆಸರಿನ ಮೀನು ಹಾಗೆಯೇ ಎಂದು ವಿಠೋಬಾ ವಿವರಿಸತೊಡಗಿದ. ಲಗಮವ್ವ ಅವನ ಮಾತು ಮುಗಿಯಲು ಬಿಡಲಿಲ್ಲ.

"ಮೀನಸೈತ ನಡೀತಾವ," ಎಂದಳು ಗೆಳತಿಗೆ. "ನಿನಗ ಎರಡ ಕಾಲ ಅದಾವು. ಏಳ."

ಸಕ್ಕುಬಾಯಿ ಎದ್ದಳು. ಗೊಣಗುತ್ತ ಹಿಂದೆ ನಡೆದಳು.

ದಾರಿ ತಿರುಗುವಲ್ಲಿ ಲಗಮವ್ವ ಗಕ್ಕನೆ ನಿಂತಳು. ನುಣ್ಣನೆಯ ಕೆಸರಿನ ಮೇಲೆ ಹೆಜ್ಜೆಗಳಿದ್ದವು. ಊರನಾಯಿ ಬಂದಿರಬೇಕು ಎಂದ ವಿಠೋಬಾ. ಅವಳು ಸೀರೆ ಎತ್ತಿಕಟ್ಟಿ, ಮೊಣಕಾಲಿನ ನೋವು ಮರೆತು ದಂಡೆಯ ಮೇಲೆ ಬಗ್ಗಿದಳು. ನಾಯಿಗೆ ಮೂಡುವುದು ನಾಲ್ಕು ಬೆರಳು, ಇಲ್ಲಿ ಐದಿವೆ. ಬೆರಳ ನಡುವೆ ತೊಗಲಿನ ಗುರುತು. ಹಿಂದೆ ಬಾಲ ಎಳೆದ ಗೆರೆ. ಅಂಚು ಇನ್ನೂ ಕುಸಿದಿಲ್ಲ. ಇಂಥ ಹೆಜ್ಜೆಯನ್ನು ಅಪ್ಪ ಅವಳಿಗೆ ದೂಧಗಂಗೆಯ ಮಳಲಿನಲ್ಲಿ ತೋರಿಸಿದ್ದ. ನೀರುನಾಯಿ, ಮೂರು ಇವೆ, ಒಂದು ಮರಿ, ಹೋಗಿ ಬಹಳ ಹೊತ್ತಾಗಿಲ್ಲ ಎಂದು ಅವಳು ಹೇಳಿದಾಗ ವಿಠೋಬಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಈ ಕಾಡಿಗೆ ವರ್ಗವಾಗಿ ಬಂದು ಎಂಟು ತಿಂಗಳಾಗಿದ್ದರೂ ಅವನು ಒಂದನ್ನೂ ಕಂಡಿರಲಿಲ್ಲ.

ಕೂರೋಣ, ಬರುತ್ತವೆ ಎಂದಳು ಲಗಮವ್ವ. ಸದ್ದಿಲ್ಲದೆ, ಅಲುಗದೆ ಕೂರುವುದನ್ನು ಬೀಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಬ್ಬರೂ ಹೆಂಗಸರು ಗಿಡದ ಮರೆಯಲ್ಲಿ ಕಾಲು ಮಡಚಿ ಕುಳಿತರು. ಚಡಪಡಿಸಿದವನು ವಿಠೋಬಾ ಒಬ್ಬನೇ. ನೀರು ಏರತೊಡಗಿತು, ಕೆಸರು ಮುಚ್ಚುತ್ತ ಬಂತು. ಆಗ ಕಾಲುವೆಯ ತಿರುವಿನಲ್ಲಿ ಮೂರು ಚಪ್ಪಟೆ ತಲೆಗಳು ತೇಲಿ ಬಂದವು. ದೊಡ್ಡ ನೀರುನಾಯಿಯೊಂದು ಬಾಯಲ್ಲಿ ಮೀನು ಕಚ್ಚಿಕೊಂಡು ದಂಡೆಗೆ ಹತ್ತಿತು, ಮರಿ ಅದರ ಬಾಲಕ್ಕೆ ಜೋತುಬಿತ್ತು, ಇನ್ನೊಂದು ಬೆನ್ನ ಮೇಲೆ ಮಲಗಿ ನೀರಿನಲ್ಲೇ ಹೊಟ್ಟೆ ತೋರಿಸಿತು. ಲಗಮವ್ವನಿಗೆ ಅಳುವೋ ನಗುವೋ ತಿಳಿಯದೆ ಕಣ್ಣು ತುಂಬಿದವು. ಅಪ್ಪ ತೋರಿಸಿದ್ದು ಬರೀ ಹೆಜ್ಜೆಯನ್ನು. ಪ್ರಾಣಿಯನ್ನು ಅವಳು ಕಂಡದ್ದು ಅಂದೇ.

ಮರಳಿ ಬಂದ ಮೇಲೆ ಒಂದು ತಿಂಗಳು ಶೆಡ್ಡಿನಲ್ಲಿ ಬೇರೆ ಮಾತಿಲ್ಲ. ನಡೆಯುವ ಮೀನನ್ನು ಸಕ್ಕುಬಾಯಿ ಮೊರದ ಮೇಲೆ ಕೈಯಾಡಿಸಿ ಆಡಿ ತೋರಿಸಿದಳು. ನಂಬದವರು ಮುಂದಿನ ವರ್ಷ ತಾವೇ ಹೊರಟರು, ಹನ್ನೊಂದು ಮಂದಿ. ಬರುಬರುತ್ತ ಅದು ವರ್ಷಕ್ಕೊಮ್ಮೆಯ ರೂಢಿಯಾಯಿತು. ಓಣಿಯಲ್ಲೂ ಅವರೆಲ್ಲ ಸಂಜೆ ಒಟ್ಟಿಗೆ ನಡೆಯತೊಡಗಿದರು, ಅಷ್ಟು ಜನರನ್ನು ಎಲ್ಲಿಗೆಂದು ಕೇಳುವ ಧೈರ್ಯ ಕಟ್ಟೆಯವರಿಗೆ ಇರಲಿಲ್ಲ. ಲಗಮವ್ವನ ಮೊಣಕಾಲು ಪೂರ್ತಿ ನೆಟ್ಟಗಾಗಲಿಲ್ಲ, ಆದರೆ ದವಾಖಾನೆಯ ಮೆಟ್ಟಿಲು ಹತ್ತುವ ಪ್ರಸಂಗ ಮತ್ತೆ ಬರಲಿಲ್ಲ. ವಿಠೋಬಾ ಅವಳಿಂದ ಕೆಸರು ಓದುವುದನ್ನು ಕಲಿತು, ಪಣಜಿಯಿಂದ ಬರುವ ಕಾಲೇಜಿನ ಹುಡುಗಿಯರಿಗೆ ಕಲಿಸಿದ. ಅವಳಿದ್ದ ದಿನ ಮಾತ್ರ ತಾನು ಹಿಂದೆ ಸರಿದು ಅವಳನ್ನೇ ಮುಂದೆ ಬಿಡುತ್ತಿದ್ದ.

ತೊಂಬತ್ತೇಳನೆಯ ಇಸವಿಯ ಸಲ ಸಕ್ಕುಬಾಯಿ ಎಲ್ಲರಿಗಿಂತ ಮುಂದೆ ಹೋಗಿ ಕಾವಲು ಗೋಪುರ ಹತ್ತಿ ಕೂತಳು. ನೀರುನಾಯಿ ಬರುವ ತನಕ ಇಳಿಯುವುದಿಲ್ಲ ಎಂದು ಹಟ ಹಿಡಿದಳು. ಚುರಮುರಿ ಮುಗಿಯಿತು, ಒಂದು ಫೆರಿ ಹೋಯಿತು, ಇನ್ನೊಂದೂ ಹೋಯಿತು. ಕೊನೆಗೆ ನೀರುನಾಯಿಗಳೇ ಕರುಣೆ ತೋರಿ ಬಂದವು. ಆಮೇಲೆ ಹದಿಮೂರು ಹೆಂಗಸರು ಮುಂದಿನ ಫೆರಿಯೂ ತಪ್ಪಬಾರದೆಂದು ಸೀರೆ ಎತ್ತಿಕಟ್ಟಿ ಚೋಡಣದ ದಾರಿಯಲ್ಲಿ ಓಡಿದರು. ದೋಣಿಯವನು ಹಗ್ಗ ಬಿಚ್ಚಲು ಹೋದವನು ಅವರನ್ನು ಕಂಡು ಹಗ್ಗ ಹಿಡಿದೇ ನಿಂತ. ಎಲ್ಲರಿಗಿಂತ ಮೊದಲು ದೋಣಿಗೆ ಕಾಲಿಟ್ಟವಳು ಐವತ್ತಮೂರು ವರ್ಷದ ಲಗಮವ್ವ. ಅವಳು ತಿರುಗಿ ನಿಂತು, ಏದುಸಿರು ಬಿಡುತ್ತ ನಗುತ್ತಿದ್ದ ಸಕ್ಕುಬಾಯಿಯ ಕೈ ಹಿಡಿದು ಒಳಗೆ ಎಳೆದುಕೊಂಡಳು.