ಡ್ರಮ್ಮು ಇಳಿಸಿದ ಭಾರ

ಬಸ್ಸುಗಳಿಗೆ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಅವನು ವೆಲ್ಡರ್. ದಪ್ಪ ಮೈ ನೋಡಿ ಸ್ಕೂಲಿನಲ್ಲಿ ಯಾರೋ ‘ಡ್ರಮ್ಮು’ ಅಂತ ಕರೆದದ್ದು ಹಾಗೇ ಅಂಟಿಕೊಂಡುಬಿಟ್ಟಿತ್ತು. ಮದುವೆಯ ದಿನ ಹೆಣ್ಣಿನ ಕಡೆಯವರೂ ಅದೇ ಹೆಸರು ಹೇಳಿ ಮನೆ ವಿಚಾರಿಸಿಕೊಂಡು ಬಂದಿದ್ದರು. ಕರೆದವರ ಜೊತೆ ತಾನೂ ನಗುತ್ತಿದ್ದ.

ಅವನಿಗಿದ್ದ ಒಂದೇ ಹುಚ್ಚು ಕಾರು. ಅಕ್ಕನ ಗಂಡ, ಅಂದರೆ ಭಾವ, ಮೆಕ್ಯಾನಿಕ್. ಅಪಘಾತವಾಗಿ ಗುಜರಿಗೆ ಬಂದಿದ್ದ ಮಸಲ್ ಕಾರೊಂದನ್ನು ಇಬ್ಬರೂ ಸೇರಿ ಎಬ್ಬಿಸಿ ನಿಲ್ಲಿಸಿದ್ದರು. ಹೊಸ ಮಾಡೆಲ್ಲೇ; ಉದ್ದ ಮೂತಿ, ಅದರೊಳಗೆ ಲಾರಿ ಎಳೆಯುವಂಥ ಇಂಜಿನ್ನು. ಊರ ಹೊರಗಿನ ರೇಸ್ ಟ್ರ್ಯಾಕಿನಲ್ಲಿ ಭಾನುವಾರ ಯಾರು ಬೇಕಾದರೂ ಕಾರು ಓಡಿಸಿ ಟೈಮು ನೋಡಿಕೊಳ್ಳಬಹುದಿತ್ತು. ನೇರ ದಾರಿಯಲ್ಲಿ ಇವರನ್ನು ಹಿಡಿಯುವವರಿಲ್ಲ. ತಿರುವು ಬಂತೋ, ಮೂತಿ ಆಚೆಗೆ ಜಾರುತ್ತಿತ್ತು, ಬ್ರೇಕು ಕಾದು ಹೊಗೆಯಾಡುತ್ತಿತ್ತು.

“ಶಕ್ತಿ ಬೇಕಾದಷ್ಟಿದೆ ಕಣೋ, ಇದಕ್ಕೆ ಮೈ ಜಾಸ್ತಿ,” ಅಂದ ಭಾವ.

ಅಲ್ಲಿಂದ ಬಿಚ್ಚುವುದು ಶುರುವಾಯಿತು. ಹಿಂದಿನ ಸೀಟು ಹೋಯಿತು, ಎ.ಸಿ. ಹೋಯಿತು, ಸ್ಟೆಪ್ನಿ ಹೋಯಿತು. ಸದ್ದು ಕೇಳಿಸದಿರಲೆಂದು ಕಂಪನಿಯವರು ನೆಲಕ್ಕೆ ಅಂಟಿಸಿದ್ದ ಟಾರಿನ ಹಾಳೆಗಳನ್ನು ಇಬ್ಬರೂ ಮಂಡಿಯೂರಿ ಉಳಿಯಿಂದ ಕೆತ್ತಿ ತೆಗೆದರು. ಕಬ್ಬಿಣದ ಬಾನೆಟ್ಟಿನ ಜಾಗಕ್ಕೆ ಫೈಬರ್ ಬಂತು. ಪ್ರತಿ ಸಲವೂ ಕಾರು ತಿರುವಿನಲ್ಲಿ ಇನ್ನೊಂದಿಷ್ಟು ಮಾತು ಕೇಳುತ್ತಿತ್ತು. ಕೊನೆಗೆ, ಕಾರು ಮಗುಚಿದರೆ ಕಾಯಲೆಂದು ಒಳಗೆ ಕೂರಿಸಿದ್ದ ಕಂಬಿಗಳ ಪಂಜರವೊಂದೇ ಉಳಿಯಿತು. ಪ್ರಾಣ ಉಳಿಸೋದನ್ನ ಮುಟ್ಟಬಾರದು ಅಂದ ಭಾವ. ಆಮೇಲೆ ಕೈ ಒರೆಸಿಕೊಳ್ಳುತ್ತಾ ಇವನ ಹೊಟ್ಟೆ ತಟ್ಟಿ ನಕ್ಕ: “ಇನ್ನು ಇಳಿಸೋ ಭಾರ ಅಂದ್ರೆ ಇದೊಂದೇ ನೋಡು.”

ಡ್ರಮ್ಮೂ ನಕ್ಕ. ಆ ಸಂಜೆ ಊಟ ಅರ್ಧಕ್ಕೇ ಬಿಟ್ಟು ಎದ್ದ.

ಮೊದಮೊದಲು ಹೆಂಡತಿಗೂ ಖುಷಿಯೇ. ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅವನ ಪ್ಯಾಂಟುಗಳ ಸೊಂಟ ಚಿಕ್ಕದು ಮಾಡಿ ಕೊಟ್ಟಳು. ಕಾರ್ಖಾನೆಯಲ್ಲಿ ಜನ ತಿರುಗಿ ನೋಡಿದರು. “ಏನಪ್ಪಾ, ಡ್ರಮ್ಮು ಪೈಪಾಗಿಬಿಟ್ಟಿದೆ!” ಹುಟ್ಟಿದಾಗಿನಿಂದ ಅವನ ಮೈಯನ್ನು ಯಾರೂ ಹೊಗಳಿರಲಿಲ್ಲ. ಆ ಮಾತು ಊಟಕ್ಕಿಂತ ರುಚಿಯಾಗಿತ್ತು. ಟ್ರ್ಯಾಕಿನಲ್ಲಿ ಟೈಮೂ ಸುಧಾರಿಸುತ್ತಾ ಹೋಯಿತು. ಬೆಳಗಿನ ತಿಂಡಿ ಬಿಟ್ಟ. ಮಧ್ಯಾಹ್ನದ ಡಬ್ಬಿಯನ್ನು ಪಕ್ಕದವರಿಗೆ ದಾಟಿಸತೊಡಗಿದ. ವೆಲ್ಡಿಂಗ್ ಮಾಡುವಾಗ ಕೈ ನಡುಗಿ ಬೆಸುಗೆ ಸೊಟ್ಟಗಾಗುತ್ತಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಮತ್ತೆ ಪ್ಯಾಂಟು ತಂದಾಗ ಹೆಂಡತಿ ಕತ್ತರಿ ಕೆಳಗಿಟ್ಟಳು. “ಇನ್ನೂ ಚಿಕ್ಕದು ಮಾಡಿದ್ರೆ ಹಿಂದಿನ ಎರಡು ಜೇಬೂ ಒಂದಾಗಿಬಿಡ್ತವೆ ರೀ. ಸಾಕು ಮಾಡಿ.”

“ಇನ್ನೊಂಚೂರು ಕಣೇ. ಈ ಸೀಸನ್ ಮುಗೀಲಿ.”

ಬಿರುಬಿಸಿಲಿನ ಒಂದು ಭಾನುವಾರ ಅವನು ನೀರನ್ನೂ ಕುಡಿಯದೆ ಕಾರು ಹತ್ತಿದ. ನೀರಿಗೂ ತೂಕವಿದೆಯಲ್ಲ. ಒಳಗೆ ಒಲೆಯಂತೆ ಕಾದಿತ್ತು. ಹೆಂಡತಿ ಮತ್ತು ಭಾವ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದರು. ಹಿಂದೆಂದೂ ಇಲ್ಲದ ವೇಗದಲ್ಲಿ ಕಾರು ಎದುರಿಗೆ ಹಾದುಹೋಯಿತು. ಭಾವ ಚಪ್ಪಾಳೆ ತಟ್ಟಲು ಕೈ ಎತ್ತಿದ. ಮುಂದಿನ ತಿರುವಿನಲ್ಲಿ ಕಾರು ತಿರುಗಲೇ ಇಲ್ಲ. ನೇರ ಜಲ್ಲಿಯೊಳಗೆ ನುಗ್ಗಿ, ಜೋಡಿಸಿಟ್ಟ ಟೈರುಗಳಿಗೆ ಗುದ್ದಿ ನಿಂತಿತು.

ಓಡಿಹೋಗಿ ಬಾಗಿಲು ತೆಗೆದರೆ, ಅವನು ಎಚ್ಚರ ತಪ್ಪಿ ಬೆಲ್ಟಿಗೆ ಜೋತುಬಿದ್ದಿದ್ದಾನೆ. ಭಾವ ಒಬ್ಬನೇ ಅವನನ್ನು ಎತ್ತಿ ಹೊರಗೆ ತಂದ. ಕಾರು ಗುದ್ದಿದಾಗಲೂ ಅಷ್ಟು ಹೆದರಿರಲಿಲ್ಲವಂತೆ; ಎತ್ತಿದಾಗ ಅವನು ಅಷ್ಟು ಹಗುರಾಗಿದ್ದನ್ನು ಕಂಡು ಎದೆ ಧಸಕ್ಕೆಂದಿತಂತೆ.

ಆಸ್ಪತ್ರೆಯಲ್ಲಿ ನೋಡಿದರೆ ಮೂಳೆ ಮುರಿದಿರಲಿಲ್ಲ. ಆದರೆ ಹೃದಯದ ಬಡಿತ ತಪ್ಪುತ್ತಿತ್ತು. “ಅಪಘಾತದಿಂದ ಏನೂ ಆಗಿಲ್ಲ. ಇದು ಉಪವಾಸದ್ದು,” ಅಂದರು ಡಾಕ್ಟರು.

ಹಾಸಿಗೆಯ ಪಕ್ಕ ಭಾವ ತಲೆ ತಗ್ಗಿಸಿ ಕೂತಿದ್ದ. “ನನ್ನ ಬಾಯಿಗೆ ಬೆಂಕಿ ಬೀಳ್ಲಿ. ತಮಾಷೆಗಂದೆ ಕಣೋ.”

“ಗೊತ್ತು ಭಾವ. ಚಿಕ್ಕಂದಿನಿಂದ ಎಲ್ರೂ ತಮಾಷೆಗೇ ಅಂದಿದ್ದು.”

ಹೆಂಡತಿ ಇಬ್ಬರನ್ನೂ ನೋಡಿದಳು. “ಕಾರಲ್ಲಿ ಏನು ಬೇಕಾದ್ರೂ ಬಿಚ್ಚಿಕೊಳ್ಳಿ. ನನ್ನ ಗಂಡನ್ನ ಬಿಚ್ಚೋಕೆ ನಾನು ಬಿಡಲ್ಲ.”

ಮತ್ತೆ ತಿನ್ನುವುದು ಸುಲಭವಾಗಿರಲಿಲ್ಲ. ಎರಡು ತುತ್ತಿಗೇ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದ. ಗ್ಯಾರೇಜು ಮುಚ್ಚಿದ ಮೇಲೆ ಭಾವ ಸೀದಾ ಇವರ ಮನೆಗೇ ಬರತೊಡಗಿದ. ಒತ್ತಾಯ ಮಾಡುತ್ತಿರಲಿಲ್ಲ, ಉಪದೇಶವನ್ನೂ ಮಾಡುತ್ತಿರಲಿಲ್ಲ. ಗೇರು, ಕ್ಲಚ್ಚು ಅಂತ ಮಾತಾಡುತ್ತಾ ಎದುರಿಗೆ ಕೂತು ತಾನೂ ಉಣ್ಣುತ್ತಿದ್ದ, ಇವನು ಮುಗಿಸುವ ತನಕ ಏಳುತ್ತಿರಲಿಲ್ಲ. ಇವನನ್ನು ಈಗ ಅಪ್ಪ ಅಮ್ಮ ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದ. ಆಮೇಲೆ ಭಾವ ತನ್ನ ಮನೆಗೆ ಹೋದರೆ ಅಕ್ಕ ಬಡಿಸಿಕೊಂಡು ಕಾಯುತ್ತಿದ್ದಳು, ಅಲ್ಲೂ ಇಲ್ಲ ಅನ್ನುವಂತಿಲ್ಲ. ಕೆಲವೇ ತಿಂಗಳಲ್ಲಿ ಭಾವನ ಅಂಗಿಯ ಗುಂಡಿಗಳೇ ಬಿಗಿಯತೊಡಗಿದವು.

ಹೃದಯ ಪೂರ್ತಿ ಸರಿಹೋಗಲಿಲ್ಲ. ರೇಸು ಮಾತ್ರ ಬೇಡವೇ ಬೇಡ ಅಂದುಬಿಟ್ಟರು ಡಾಕ್ಟರು. ಕಾರನ್ನು ಸರಿಮಾಡಿ, ಬೇರೆ ಊರಿನ ಹೆಂಗಸೊಬ್ಬಳಿಗೆ ಮಾರಿದರು. ಅವಳು ಅದನ್ನು ಟ್ರಕ್ಕಿಗೆ ಹತ್ತಿಸಿಕೊಂಡು ಹೋದಾಗ ಅವನು ಗೇಟಿನ ಹತ್ತಿರ ನಿಂತೇ ಇದ್ದ. ಒಳಗೆ ಬಡಿಸುತ್ತಿದ್ದ ಹೆಂಡತಿಗೆ, ಇವತ್ತು ಇವರು ಉಣ್ಣಲಿಕ್ಕಿಲ್ಲ ಅನ್ನಿಸಿತ್ತು.

ಅವನು ಬಂದು ಕೂತ. ತುಂಬಾ ಹೊತ್ತು ಹಿಡಿಯಿತು. ಹಾಕಿದ್ದಷ್ಟನ್ನೂ ಮುಗಿಸಿದ.