ರಾಗಿ ತುಳಿಯುತ್ತಿದ್ದ ರಸ್ತೆ

ಜಗಲಿಯ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದೆ. ರಾತ್ರಿ ನೆನೆಹಾಕಿದ ಕಾಳು ಚೆನ್ನಾಗಿ ಉಬ್ಬಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತಿತ್ತು. ಈ ಕೆಲಸಕ್ಕೆ ಕೈ ಸಾಕು, ತಲೆ ಬೇಡ. ಅದಕ್ಕೇ ಹಿದುಕುವಾಗ ನಾನು ಮನಸ್ಸಿನಲ್ಲಿ ದೇವರ ನಾಮ ಹೇಳಿಕೊಳ್ಳುತ್ತೇನೆ. ಅವತ್ತು ಅರ್ಧ ಪಾತ್ರೆ ತುಂಬುವಷ್ಟರಲ್ಲಿ ಅಕ್ಕ ಬಂದರು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಭಾವ ತೀರಿಕೊಂಡ ಮೇಲೆ ಊರಾಚೆ ಹಳೇ ಹೆದ್ದಾರಿಯ ತಿರುವಿನಲ್ಲಿ, ಹುಣಸೆಮರದ ಕೆಳಗೆ, ಇಡ್ಲಿ ಕಾಫಿಯ ಸಣ್ಣ ಹೋಟೆಲ್ ಇಟ್ಟುಕೊಂಡಿದ್ದಾರೆ. ಹೋಟೆಲಿನ ಹಿಂದಿನ ಕೋಣೆಯಲ್ಲೇ ವಾಸ. ಮಧ್ಯಾಹ್ನದ ಬಸ್ಸಿನ ಹೊತ್ತಿನಲ್ಲಿ ಅವರು ಒಲೆ ಬಿಟ್ಟು ಬರುವವರೇ ಅಲ್ಲ. ಬಂದಿದ್ದಾರೆ ಎಂದರೆ ಏನೋ ಆಗಿದೆ.

"ಬಸ್ಸು ಇನ್ಮೇಲೆ ಈ ಕಡೆ ಬರಲ್ವಂತೆ ಕಣಮ್ಮ" ಅಂದರು. "ಬರೋ ತಿಂಗಳಿಂದ ಹೊಸ ರೋಡಲ್ಲೇ ಹೋಗುತ್ತಂತೆ. ಕಂಡಕ್ಟ್ರು ಹೇಳ್ದ."

"ಎಲ್ಲಾ ಬಸ್ಸೂನಾ?"

"ಇರೋದೇ ಒಂದು ಬಸ್ಸು. ನಾಕು ಸಲ ಓಡಾಡುತ್ತೆ. ನಾಕೂ ಅಲ್ಲೇ."

ಅವರು ಕೂತು ನನ್ನ ಮೊರದಿಂದ ಒಂದು ಹಿಡಿ ಕಾಳು ತಗೊಂಡು ಹಿದುಕತೊಡಗಿದರು. ಆ ಬಸ್ಸಿಲ್ಲದಿದ್ದರೆ ಹೋಟೆಲ್ ಇಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಹೋಟೆಲ್ ಮುಚ್ಚಿದರೆ ಅಕ್ಕನಿಗೆ ಊಟಕ್ಕೆ ಕೊರತೆಯೇನಿಲ್ಲ, ನಮ್ಮ ಮನೆಯಿದೆ. ಆದರೆ ಭಾವ ತೀರಿಕೊಂಡ ವರ್ಷ ನಾವು "ಇಲ್ಲೇ ಬಂದಿರಿ" ಎಂದು ಕರೆದಾಗ ಅವರು ಹೇಳಿದ್ದು ಒಂದೇ ಮಾತು: "ಕೈಲಾಗೋವರೆಗೂ ನನ್ನ ಒಲೆ ನಾನೇ ಹಚ್ಕೊಳ್ತೀನಿ, ಬಿಟ್ಬಿಡಿ." ಆ ಮಾತಿನ ಮೇಲೆ ಇಷ್ಟು ವರ್ಷ ನಿಂತಿದ್ದರು.

ಈಗಿನ ಮಕ್ಕಳು ನಮ್ಮ ಹಳೇ ರಸ್ತೆಯನ್ನು ನೋಡಿದರೆ ಹೆದ್ದಾರಿ ಎಂದು ನಂಬುವುದಿಲ್ಲ. ಟಾರು ಕಿತ್ತುಹೋಗಿ ಜಲ್ಲಿ ಎದ್ದಿದೆ, ಎರಡೂ ಕಡೆ ಲಂಟಾನ ಬೆಳೆದು ದಾರಿ ಕಿರಿದಾಗಿದೆ. ನಾನು ಮದುವೆಯಾಗಿ ಬಂದಿದ್ದು ಇದೇ ರಸ್ತೆಯಲ್ಲಿ. ನನ್ನ ತವರು ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿ. ಅಲ್ಲಿಂದ ಹೊರಟ ಬಸ್ಸು ಮಗ್ಗದ ಸದ್ದಿನ ಬೀದಿಗಳನ್ನು ದಾಟಿ, ದ್ರಾಕ್ಷಿ ಚಪ್ಪರಗಳ ನಡುವೆ ಹಾದು, ದೇವನಹಳ್ಳಿ ಕೋಟೆಯನ್ನು ಒಂದು ಪಕ್ಕಕ್ಕೆ ಬಿಟ್ಟು, ನಮ್ಮೂರ ತಿರುವಿನಲ್ಲಿ ಬಗ್ಗಿ, ನಮ್ಮ ಕಡೆಯ ಸಣ್ಣ ಪೇಟೆ ವಿಜಯಪುರಕ್ಕೆ ಹೋಗುತ್ತಿತ್ತು. ವಿಜಯಪುರ ಬಂತೆಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು, ರೇಷ್ಮೆಗೂಡು ಬೇಯಿಸುವ ವಾಸನೆ ಕಿಟಕಿಯಿಂದ ನುಗ್ಗುತ್ತಿತ್ತು. ಬಸ್ಸು ಬದಲಾಯಿಸದೆ ತವರಿಗೆ ಹೋಗಿ ಬರುವ ಭಾಗ್ಯ ಎಷ್ಟು ಹೆಣ್ಣುಮಕ್ಕಳಿಗಿದೆ? ಹೊಸದರಲ್ಲಿ ಅತ್ತು ಅತ್ತು ಮಲಗುತ್ತಿದ್ದಾಗ, ಮನೆ ಮುಂದಿನ ಈ ರಸ್ತೆಯ ಆ ತುದಿಯಲ್ಲೇ ನಮ್ಮಮ್ಮ ಇದ್ದಾಳೆ ಎಂದುಕೊಂಡರೆ ಸಮಾಧಾನವಾಗುತ್ತಿತ್ತು.

ಅದಕ್ಕೂ ಮುಂಚಿನ ಕಥೆಯನ್ನು ಅತ್ತೆ ಹೇಳುತ್ತಿದ್ದರು. ಅವರ ಮಾವನ ಕಾಲಕ್ಕೆ ಅದು ಗಾಡಿದಾರಿ. ಮಳೆಗಾಲದಲ್ಲಿ ಚಕ್ರ ಹೂತುಹೋಗಿ ಊರಿನವರೆಲ್ಲ ಹೋಗಿ ಎತ್ತಬೇಕಿತ್ತಂತೆ. ಆಮೇಲೆ ಜಲ್ಲಿ ಬಂತು, ಟಾರು ಬಂತು, ದಾರಿಬದಿಯ ಕಲ್ಲುಗಳಿಗೆ ಬಣ್ಣ ಬಳಿದು ನಂಬರು ಬರೆದರು. ಆ ಜಲ್ಲಿ ಒಡೆಯಲು ಅತ್ತೆಯೂ ಕೂಲಿಗೆ ಹೋಗಿದ್ದರು. "ನಾನೊಡೆದ ಕಲ್ಲಿನ ಮೇಲೇನೇ ನೀನು ಮದ್ವೆ ಆಗಿ ಬಂದಿದ್ದು" ಎಂದು ಈಗಲೂ ಹೇಳಿಕೊಳ್ಳುತ್ತಾರೆ.

ನಾನು ಬಂದಾಗ ಹಗಲೂ ರಾತ್ರಿ ಲಾರಿ. ಹೊಸ್ತಿಲು ತೊಳೆದು ರಂಗೋಲಿ ಇಟ್ಟು ಒಳಗೆ ಹೋಗುವಷ್ಟರಲ್ಲಿ ಅದರ ಮೇಲೆ ಧೂಳು ಕೂತಿರುತ್ತಿತ್ತು. ಮಕ್ಕಳು ಅಂಬೆಗಾಲಿಡುವ ವಯಸ್ಸಿನಲ್ಲಿ ನಾನು ಬಾಗಿಲಿಗೆ ಅಡ್ಡಹಲಗೆ ಹಾಕಿ ಅಡುಗೆ ಮಾಡಿದವಳು. ಆದರೂ ಅಷ್ಟು ವರ್ಷಗಳಲ್ಲಿ ನಮ್ಮ ಮನೆಯಿಂದ ಆ ರಸ್ತೆ ತಗೊಂಡಿದ್ದು ಎರಡು ಕೋಳಿ ಮಾತ್ರ. ದೇವರು ಕಾಪಾಡಿದ ಎನ್ನದೆ ಇನ್ನೇನೆನ್ನಲಿ.

ಕೊಟ್ಟಿದ್ದು ಮಾತ್ರ ಬಹಳ. ನಮ್ಮ ಊರಿನಲ್ಲಿ ರಾಗಿ ಒಕ್ಕುತ್ತಿದ್ದುದೇ ಆ ರಸ್ತೆ. ಎತ್ತು ಕಟ್ಟಿ ಕಲ್ಲಿನ ಗುಂಡು ಎಳೆಸುವ ಕಾಲ ಮುಗಿದಿತ್ತು. ಸುಗ್ಗಿ ಬಂತೆಂದರೆ ಬೆಳಗಿನ ಜಾವ ರಸ್ತೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಟ್ಟು, ಕಟ್ಟು ಬಿಚ್ಚಿ ತೆನೆ ಹರಡುತ್ತಿದ್ದೆವು. ಸಗಣಿ ಬೆನಕನಿಗೆ ಗರಿಕೆ ಸಿಕ್ಕಿಸಿ ರಸ್ತೆಯಂಚಿನಲ್ಲಿ ಕೂರಿಸುವುದು ನನ್ನ ಕೆಲಸ. ಆಮೇಲೆ ಎರಡು ತುದಿಗೆ ಇಬ್ಬರು ಹೆಂಗಸರು ಹೊಂಗೆಸೊಪ್ಪು ಹಿಡಿದು ನಿಂತರೆ ಲಾರಿಗಳು ನಿಧಾನವಾಗಿ ತುಳಿದುಕೊಂಡು ಹೋಗುತ್ತಿದ್ದವು. ಮಧ್ಯಾಹ್ನಕ್ಕೆ ಹುಲ್ಲು ಬೇರೆ, ರಾಗಿ ಬೇರೆ.

"ಏನಮ್ಮಾ, ಒಕ್ಕಣೆ ಕೂಲಿ ಯಾರು ಕೊಡ್ತಾರೆ?" ಎಂದು ಡ್ರೈವರುಗಳು ಕಿಟಕಿಯಿಂದ ತಲೆ ಹಾಕುವರು.

"ಬರೋವಾಗ ಇನ್ನೊಂದ್ಸಲ ತುಳ್ಕೊಂಡು ಬಾರಪ್ಪ, ಮುದ್ದೆ ಹಾಕ್ತೀನಿ" ಎಂದು ಅಕ್ಕ ಕೂಗುವರು. ಸುಮ್ಮನೆ ಹೇಳಿದ್ದನ್ನು ನಿಜವೆಂದುಕೊಂಡು ಒಬ್ಬ ಸಂಜೆ ಬಂದೂ ಬಿಟ್ಟಿದ್ದ. ಅಕ್ಕ ಮುದ್ದೆ, ಬಸ್ಸಾರು ಬಡಿಸಿ ಕಳಿಸಿದರು. ಹೋಟೆಲ್ ಇಡುವ ಯೋಚನೆ ಅವರಿಗೆ ಹುಟ್ಟಿದ್ದು ಆವತ್ತೇ ಇರಬೇಕು.

ಆಮೇಲೆ ವಿಮಾನ ನಿಲ್ದಾಣ ಬಂತು, ಅದರ ಹಿಂದೆಯೇ ಅಗಲದ ಹೊಸ ರಸ್ತೆಗಳು ಬಂದವು. ಒಂದು ನಮ್ಮ ಹೊಲಗಳ ಆಚೆ, ಕೆರೆಯ ಆ ಕಡೆ, ಗೆರೆ ಎಳೆದಂತೆ ನೆಟ್ಟಗೆ ಹೋಯಿತು. ಹೆದ್ದಾರಿಯ ನಂಬರೂ ಅಲ್ಲಿಗೇ ಹೋಯಿತು. ನಮ್ಮ ರಸ್ತೆಯನ್ನು ಪಂಚಾಯಿತಿಗೆ ಬಿಟ್ಟರು.

ಅದಾದ ಮೇಲಿನ ಮೊದಲ ಸುಗ್ಗಿ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಇನ್ನು ಬೈಯುವವರಿಲ್ಲ, ಹಾರನ್ ಹೊಡೆಯುವವರಿಲ್ಲ ಎಂದು ಊರಿಗೆ ಊರೇ ಈ ಅಂಚಿನಿಂದ ಆ ಅಂಚಿನವರೆಗೆ ಧಾರಾಳವಾಗಿ ತೆನೆ ಹರಡಿತು. ಹರಡಿ, ನೆರಳಿನಲ್ಲಿ ಕೂತೆವು. ಒಂದು ಸೈಕಲ್ ಹೋಯಿತು. ಒಂದು ಮಂದೆ ಆಡು ಬಂದು ಮೇಯಲು ಶುರುಮಾಡಿತು. ಬಿಸಿಲು ನೆತ್ತಿಗೆ ಬಂದ ಮೇಲೆ ನಮ್ಮ ಯಜಮಾನರು, "ಗಾಡಿಗಳೇ ಇಲ್ದಿದ್ಮೇಲೆ ತುಳಿಯೋರ್ಯಾರು?" ಅಂದರು. ಅಲ್ಲಿಯವರೆಗೆ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಆಗ ಕೈಹಿಡಿದಿದ್ದು ಬಸ್ಸು. ಹೋಗುವಾಗ ಒಂದು ಮಗ್ಗುಲು, ಬರುವಾಗ ಇನ್ನೊಂದು ಮಗ್ಗುಲು ತುಳಿದುಕೊಡುತ್ತಿತ್ತು. ಅದರ ಡ್ರೈವರಣ್ಣ ಒಕ್ಕಲು ಮನೆಯವನು, ತೆನೆ ಎಲ್ಲಿ ಉಳಿದಿದೆ ಎಂದು ಕಣ್ಣಲ್ಲೇ ನೋಡಿಕೊಳ್ಳುತ್ತಿದ್ದ. ಲಾರಿಗಳು ಹೋದ ಮೇಲೆ ಅಕ್ಕನ ಹೋಟೆಲ್ ನಡೆದಿದ್ದೂ ಆ ಬಸ್ಸಿನಿಂದಲೇ. ಬಸ್ಸಿಗೆ ಕಾಯುವವರು, ಇಳಿದವರು, ಡ್ರೈವರ್, ಕಂಡಕ್ಟರ್. ಹತ್ತಿಪ್ಪತ್ತು ಲೋಟ ಕಾಫಿ, ಒಂದು ಪಾತ್ರೆ ಇಡ್ಲಿ. ಒಬ್ಬರಿಗೆ ಸಾಕು.

ಅಕ್ಕ ಸುದ್ದಿ ತಂದ ಸಂಜೆಯೇ ಊರಿನ ಹಿರಿಯರು ಡಿಪೋಗೆ ಹೋಗಿ ಕೇಳಿಕೊಂಡರು. ಒಬ್ಬ ಸಾಹೇಬರು ಬುಧವಾರ ಬೆಳಗಿನ ಬಸ್ಸಿನಲ್ಲೇ ಬಂದು ರಸ್ತೆ ಹೇಗಿದೆ, ಜನ ಎಷ್ಟು ಹತ್ತುತ್ತಾರೆ ಎಂದು ನೋಡುತ್ತಾರಂತೆ. ನೋಡಲಿ, ಬಸ್ಸು ತುಂಬಿಸೋಣ ಎಂದು ಊರೆಲ್ಲ ಮಾತಾಡಿಕೊಂಡಿತು. ನಾನು ಘಾಟಿ ಸುಬ್ಬಪ್ಪನಿಗೆ ಕೈಮುಗಿದು, ಬಸ್ಸು ಉಳಿದರೆ ಅದೇ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿ, ಅಲ್ಲಿಂದ ನಿನ್ನ ಸನ್ನಿಧಿಗೆ ಬರುತ್ತೇನೆ ಎಂದು ಹರಕೆ ಹೊತ್ತೆ.

ಬುಧವಾರ ಅತ್ತೆ ರೇಷ್ಮೆ ಸೀರೆ ಉಟ್ಟು ಬಂದರು. ಅವರು ಬಸ್ಸು ಹತ್ತಿ ಎಷ್ಟೋ ವರ್ಷಗಳಾಗಿದ್ದವು. ಹೆಂಗಸರೆಲ್ಲ ಕೈಯಲ್ಲೊಂದು ಬ್ಯಾಗು ಹಿಡಿದು ಹುಣಸೆಮರದ ಕೆಳಗೆ ಸಾಲಾಗಿ ನಿಂತೆವು. ಎಲ್ಲ ಸರಿಯಾಗಿತ್ತು. ಒಂದನ್ನು ಬಿಟ್ಟು. ರಸ್ತೆಯ ತುಂಬ ನಮ್ಮ ರಾಗಿ ಹರಡಿತ್ತು.

ಯಾರೂ ಬೇಕೆಂದು ಮಾಡಿದ್ದಲ್ಲ. ಸುಗ್ಗಿಯ ಕಾಲ, ಬೆಳಗಿನ ಬಸ್ಸು ಬರುತ್ತದೆ, ಹರಡಿದೆವು ಅಷ್ಟೇ. ಯಜಮಾನರು ಕಟ್ಟು ಬಿಚ್ಚಿದರು, ಅಕ್ಕನ ಪಾಲಿನದೂ ಅದರಲ್ಲೇ ಇತ್ತು, ನಾನು ಬೆನಕನನ್ನು ಕೂರಿಸಿದೆ. ಆ ತಿಂಗಳಲ್ಲಿ ರಸ್ತೆ ಇರುವುದೇ ಹಾಗೆ. ದೂರದಲ್ಲಿ ಬಸ್ಸಿನ ಸದ್ದು ಕೇಳಿದಾಗಲೂ ನಮಗೆ ಏನೂ ಅನ್ನಿಸಲಿಲ್ಲ.

ಬಸ್ಸು ತಿರುವಿನಲ್ಲಿ ಬಗ್ಗಿತು. ಮುಂದಿನ ಸೀಟಿನಲ್ಲಿ ಕನ್ನಡಕದ ಸಾಹೇಬರು ಕಂಡರು. ಡ್ರೈವರಣ್ಣನ ಕಾಲಿಗೂ ಅಭ್ಯಾಸ. ವೇಗ ತಗ್ಗಿಸಿ, ಮೆಲ್ಲಗೆ ತೆನೆಯ ಮೇಲೆ ಹತ್ತಿಸಿದ. ಹೋಟೆಲಿನ ಬಾಗಿಲಲ್ಲಿ ಇಡ್ಲಿ ತಟ್ಟೆ ಹಿಡಿದು ನಿಂತಿದ್ದ ಅಕ್ಕ ಎಂದಿನಂತೆ ಕೂಗಿದರು:

"ಒಂಚೂರು ಎಡಕ್ಕೆ ತಗೊಳ್ಳಣ್ಣ, ಆ ಕಡೇದು ಹಂಗೇ ಐತೆ."

ಬಸ್ಸು ಎಡಕ್ಕೆ ತಿರುಗಿ, ಆ ಕಡೆಯದನ್ನೂ ತುಳಿದು ನಿಂತಿತು. ಆಮೇಲೆ ಅಕ್ಕನಿಗೆ ಅರಿವಾಯಿತು. ಸೆರಗು ಬಾಯಿಗೆ ಒತ್ತಿಕೊಂಡರು.

ಸಾಹೇಬರು ಇಳಿದು ಚಕ್ರ ನೋಡಿದರು, ಬೆನಕನನ್ನು ನೋಡಿದರು. "ಏನಪ್ಪಾ, ದಿನಾ ಹಿಂಗೇನಾ?" ಎಂದು ಡ್ರೈವರನ್ನು ಕೇಳಿದರು.

"ದಿನಾ ಎಲ್ಲಿ ಸಾರ್. ಸುಗ್ಗೀಲಿ ಮಾತ್ರ" ಅಂದ ಅವನು.

ಸಾಹೇಬರು ನಮ್ಮ ಸಾಲಿನ ಕಡೆ ತಿರುಗಿದರು. ರೇಷ್ಮೆ ಸೀರೆ ಕಣ್ಣಿಗೆ ಬಿದ್ದಿರಬೇಕು. "ಎಲ್ಲಿಗಜ್ಜಿ ಪ್ರಯಾಣ?"

ಅದನ್ನು ಅತ್ತೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಬಸ್ಸು ಎಲ್ಲಿಗೋಗ್ತದಪ್ಪ?" ಎಂದು ಅವರನ್ನೇ ಕೇಳಿದರು.

ಯಾರೋ ಕಿಸಕ್ಕೆಂದರು. ನನಗೆ ಅಳು ಬರುವ ಹಾಗಾಗಿತ್ತು. ಅಕ್ಕ ಮಾತ್ರ ತಟ್ಟೆ ಕೆಳಗಿಟ್ಟು ಒಂದು ಲೋಟ ಕಾಫಿ ತಂದು ಸಾಹೇಬರ ಕೈಗೆ ಕೊಟ್ಟರು. "ಇಷ್ಟು ಜನ ದಿನಾ ಬರಲ್ಲ ಸಾರ್. ನೀವು ಬರ್ತೀರ ಅಂತ ನಿಂತವ್ರೆ. ಬೆಳಿಗ್ಗೆ ಬಸ್ಸಿಗೆ ಇಸ್ಕೂಲ್ ಹೆಣ್ಮಕ್ಳು, ಫ್ಯಾಕ್ಟ್ರಿಗೆ ಹೋಗೋರು, ಒಂದಿಪ್ಪತ್ತು ಜನ ಇರ್ತಾರೆ. ಮಧ್ಯಾಹ್ನದ್ದಕ್ಕೆ ಒಬ್ರೋ ಇಬ್ರೋ."

ಊರಿನವರ ಮುಖ ಬಾಡಿತು. ಸಾಹೇಬರು ನಿಂತುಕೊಂಡೇ ಕಾಫಿ ಕುಡಿದರು. "ಮಧ್ಯಾಹ್ನ ಯಾರೂ ಇಲ್ಲ ಅಂತ ನೀವೇ ಹೇಳ್ತಿದೀರಲ್ಲಮ್ಮ. ಬಸ್ಸು ನಿಂತ್ರೆ ಹೋಗೋದು ನಿಮ್ಮ ಹೋಟ್ಲೇ."

"ಗೊತ್ತು ಸಾರ್. ಒಂದು ಬಸ್ಸು ಇದ್ರೂ ಒಲೆ ಹಚ್ತೀನಿ. ಒಂದೂ ಇಲ್ದಿದ್ರೆ ಯಾರಿಗಂತ ಹಚ್ಚಲಿ?"

ಅವರು ಲೋಟ ಕೊಟ್ಟು ಬಸ್ಸು ಹತ್ತಿದರು. ಬ್ಯಾಗು ಹಿಡಿದ ನಾವೂ ಹತ್ತಲೇಬೇಕಾಯಿತು. ಟಿಕೆಟ್ ತಗೊಂಡು ವಿಜಯಪುರದವರೆಗೆ ಹೋಗಿ, ಮಾಡಲು ಕೆಲಸವಿಲ್ಲದೆ ಹೂವು ಕೊಂಡು ವಾಪಸ್ಸಾದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯಿಂದ ಮುಖ ತೆಗೆಯಲಿಲ್ಲ. "ಇಲ್ಲಿ ನಾನು ಜಲ್ಲಿ ಒಡ್ದಿದ್ದು, ಇಲ್ಲಿ ನಿಮ್ಮ ಮಾವ ಊಟ ತಂದ್ಕೊಟ್ಟಿದ್ದು" ಎಂದು ಒಂದೊಂದು ಮರವನ್ನೂ ತೋರಿಸಿದರು. ಅದಾದ ಮೇಲೆ ಅವರು ಮತ್ತೆ ಬಸ್ಸು ಹತ್ತಿಲ್ಲ. ಹೀಗಾದರೂ ನೋಡಿದರಲ್ಲ ಎಂದು ನಾನು ಎಣಿಸಿಕೊಂಡೆ.

ಆ ವಾರವಿಡೀ ಅಕ್ಕನ ಬಗ್ಗೆ ಊರಿನಲ್ಲಿ ಗೊಣಗಾಟ. ಬಾಯಿ ಮುಚ್ಚಿಕೊಂಡಿದ್ದರೆ ನಾಲ್ಕೂ ಸಲದ ಬಸ್ಸು ಉಳಿಯುತ್ತಿತ್ತು ಎನ್ನುವವರು ಕೆಲವರು, ಎಡಕ್ಕೆ ತಗೊಳ್ಳಣ್ಣ ಎಂದು ಅಣಕಿಸುವವರು ಕೆಲವರು. ನಾನು ಒಂದು ದಿನ ಕೇಳಿಯೇಬಿಟ್ಟೆ, ಯಾಕೆ ಹೇಳಿದಿರಿ ಎಂದು. "ಕಾಫಿ ಕೊಟ್ಟು ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ ಕಣಮ್ಮ" ಅಂದರು.

ಮುಂದಿನ ಸೋಮವಾರ ನಾನು ಹಿತ್ತಿಲಿನಲ್ಲಿ ರಾಗಿ ಜಾಲಿಸುತ್ತಿದ್ದೆ. ರಸ್ತೆಯಲ್ಲಿ ಒಕ್ಕಿದ ರಾಗಿಯನ್ನು ಹಾಗೇ ಬೀಸಿದರೆ ಮುದ್ದೆಯಲ್ಲಿ ಕಲ್ಲು ಸಿಗುತ್ತದೆ. ನೀರಿನಲ್ಲಿ ಅಲುಗಾಡಿಸಿ ತೇಲಿಸಿ ತೆಗೆದರೆ ಕಲ್ಲು ತಳದಲ್ಲಿ ಉಳಿಯುತ್ತದೆ. ಅಕ್ಕ ಬಂದು ಬಾವಿಕಟ್ಟೆಗೆ ಒರಗಿ ನಿಂತರು.

"ಬೆಳಿಗ್ಗೆದು ಇಲ್ಲೇ ಬರುತ್ತಂತೆ" ಅಂದರು. "ಸಾಯಂಕಾಲ ಅದೇ ವಾಪಸ್ಸು. ಮಿಕ್ಕಿದ್ದೆಲ್ಲ ಹೊಸ ರೋಡು. ರಸ್ತೆ ಮೇಲೆ ರಾಗಿ ಹಾಕಂಗಿಲ್ಲ ಅಂತ ಬರ್ಕೊಡ್ಬೇಕಂತೆ ಊರೋರು."

"ಸುಬ್ಬಪ್ಪ ಕಣ್ಬಿಟ್ಟ" ಅಂದೆ.

"ಒಂದು ಕಣ್ಣು" ಅಂದರು ಅಕ್ಕ.

"ಮಧ್ಯಾಹ್ನ ಏನ್ಮಾಡ್ತೀರಕ್ಕ?"

"ಇಡ್ಲಿ ಮುಗಿದ್ಮೇಲೆ ಒಲೆ ಆರ್ಸಿ ಇಲ್ಲಿಗೆ ಬರ್ತೀನಿ. ಕಾಳು ಹಿದುಕೋದು, ರಾಗಿ ಕೇರೋದು ನಂದು. ಬಿಟ್ಟಿ ಊಟ ಅಲ್ಲ ಮತ್ತೆ, ಈಗ್ಲೇ ಹೇಳಿರ್ತೀನಿ." ಸಾಯಂಕಾಲದ ಬಸ್ಸಿಗೆ ಮತ್ತೆ ಹಚ್ಚುತ್ತಾರಂತೆ. ಹೊರಟವರು ತಿರುಗಿ ಬಂದು, ನಾಳೆಗೆ ಉದ್ದು ನೆನೆಹಾಕಬೇಕೆಂದು ನನ್ನ ಅಳತೆಯ ಪಾತ್ರೆಗಳಲ್ಲಿ ದೊಡ್ಡ ಸೇರನ್ನು ಬಿಟ್ಟು ಕಾಲು ಸೇರಿನ ಪಾವನ್ನು ಮಾತ್ರ ತಗೊಂಡು ಹೋದರು.

ನಾನು ಪಾತ್ರೆಗೆ ಮರಳಿದೆ. ತಳದಲ್ಲಿ ಒಂದಿಷ್ಟು ಜಲ್ಲಿಪುಡಿ, ಕಪ್ಪಗೆ ಟಾರಿನ ಚೂರು. ಇಷ್ಟು ವರ್ಷ ಬೈದುಕೊಂಡೇ ಚೆಲ್ಲುತ್ತಿದ್ದೆ, ಅವತ್ತು ಬೈಯಲು ಮನಸ್ಸು ಬರಲಿಲ್ಲ. ಬೇಲಿಯ ಬುಡಕ್ಕೆ ಸುರಿದು, ಇನ್ನೊಂದು ನೀರಿನಲ್ಲಿ ಜಾಲಿಸಿ, ಹಳೇ ಸೀರೆ ಹಾಸಿ ರಾಗಿ ಒಣಹಾಕಿದೆ.