ನೆನೆಯದ ಎಲೆಯಡಿಕೆ ಚೀಲ

ಅಜ್ಜಿಯ ಸೀರೆಯಿಂದ ನೀರು ಸುರಿಯುತ್ತಿತ್ತು, ಎಲೆಯಡಿಕೆ ಚೀಲ ಮಾತ್ರ ನೆನೆದಿರಲಿಲ್ಲ. ಸಂಗಮದಲ್ಲಿ ಗಂಗಮ್ಮನಿಗೆ ಎಲೆಯಡಿಕೆ ಬಿಡಲು ಬಾಗಿದವರು ತೆಪ್ಪದಿಂದ ಹೊಳೆಗೇ ಬಿದ್ದಿದ್ದರು. ತಲೆ ಮುಳುಗಿದರೂ ಚೀಲ ಹಿಡಿದ ಕೈ ನೀರಿನ ಮೇಲಿತ್ತು. ತೆಪ್ಪದವನು ಆ ಕೈಯನ್ನೇ ಹಿಡಿದು ಮೇಲೆಳೆದ.

“ಗಂಗಮ್ಮಂಗೆ ಎಲಡ್ಕೆ ಕೊಟ್ಟಿದ್ರೆ ಸಾಕಾಗಿತ್ತು ಕಣಜ್ಜಿ, ಜೊತೆಗೆ ನೀನ್ಯಾಕ್ ಹೋದೆ?” ಎಂದ.

ದಡ ಸೇರಿದ ಮೇಲೂ ಅಜ್ಜಿಯ ಕೆಮ್ಮು ನಿಲ್ಲಲಿಲ್ಲ. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಲವು ಗಂಟೆಗಳ ನಂತರವೂ ಉಸಿರಾಟ ಕಷ್ಟವಾಗಬಹುದೆಂದು ಓದಿದ್ದೆ. ಆಸ್ಪತ್ರೆಗೆ ಹೋಗೋಣ ಎಂದೆ.

“ಒಸಿ ನೀರು ಕುಡುದ್ರೆ ಯಾರೂ ಸಾಯಾಕಿಲ್ಲ. ಮನೆಗ್ ನಡಿಯವ್ವ.”

ಸೀರೆ ಹಿಂಡಿಕೊಳ್ಳುವಾಗ ಅವರು ನನ್ನ ಕೈಗೆ ಕೊಟ್ಟಿದ್ದ ಚೀಲವನ್ನು ಬ್ಯಾಗಿಗೆ ಹಾಕಿಕೊಂಡು ಕಾರಿನಲ್ಲಿ ಕುಳಿತೆ. ಆಸ್ಪತ್ರೆಯಲ್ಲಿ ತೋರಿಸಿಕೊಂಡ ಮೇಲೆಯೇ ಚೀಲ ಎಂದೆ. ಅಜ್ಜಿ ಬೈಯುತ್ತಲೇ ಹತ್ತಿದರು.

ಕನಕಪುರ ತಲುಪುವಷ್ಟರಲ್ಲಿ ಅವರಿಗೆ ಬೈಯಲೂ ಉಸಿರು ಸಾಲುತ್ತಿರಲಿಲ್ಲ. ವೈದ್ಯರು ಎಕ್ಸ್‌ರೇ ನೋಡಿ ಆಮ್ಲಜನಕ ಹಾಕಿ, ಅಂದು ಅಲ್ಲೇ ಉಳಿಸಿಕೊಂಡರು.

ಎಲೆಯಡಿಕೆ ಜಗಿಯುವುದನ್ನು ಬಿಡಿ ಎಂದು ವರ್ಷಗಳಿಂದ ಅಜ್ಜಿಯನ್ನು ಕಾಡಿದವಳು ನಾನು. ಮರುದಿನ ಬೆಳಿಗ್ಗೆ ಅವರ ಉಸಿರಾಟ ಸರಿಹೋಗಿ ವೈದ್ಯರು ಮನೆಗೆ ಕಳಿಸಿದಾಗ, ಕಾರಿನಲ್ಲಿ ನಾನೇ ಎಲೆಗೆ ಸುಣ್ಣ ಹಚ್ಚಿ ಕೊಟ್ಟೆ.